ತುಳಸಿಕಟ್ಟೆಯ ಕೆಳಗಿನ ತಂತಿ

ಹೋದ ವಾರ ನಮ್ಮ ಮನೆಯ ಟೀವಿ ಕೆಟ್ಟಿತು. ಮುಖಗಳು ಚೂರುಚೂರಾಗಿ ಬರುತ್ತಿದ್ದವು, ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. ಮಗ ರಿಮೋಟಿನ ಸೆಲ್ಲು ಬದಲಿಸಿದ. ಸೊಸೆ ಪೆಟ್ಟಿಗೆಯ ಹಿಂದಿನ ಪಿನ್ನುಗಳನ್ನು ಒಂದೊಂದೇ ಕಿತ್ತು, ಒರೆಸಿ, ಮತ್ತೆ ಚುಚ್ಚಿದಳು. ನಾನು ಸುಮ್ಮನೆ ಕೂತಿದ್ದೆ. ಎಂಬತ್ತು ದಾಟಿದವಳ ಸಲಹೆ ಯಾರಿಗೂ ಬೇಕಿರುವುದಿಲ್ಲ, ನನಗೂ ಕೊಡುವ ಆಸೆಯಿಲ್ಲ. ಕೊನೆಗೆ ಕೇಬಲಿನವನು ಬಂದ. ವೈರು ಹಿಡಿದುಕೊಂಡೇ ಹೊರಗೆ ಹೋಗಿ, ಗೋಡೆಯ ಬುಡದಲ್ಲಿ ಎರಡು ವೈರು ಕೂಡುವ ಕಡೆ ಸುತ್ತಿದ್ದ ಟೇಪು ಬಿಚ್ಚಿ, ಒಳಗಿನ ತಾಮ್ರದ ಎಳೆಯನ್ನು ನನ್ನ ಮುಂದೆ ಹಿಡಿದ. ಹಸಿರು ಕಿಲುಬು ಕಟ್ಟಿತ್ತು. ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ತಂದೆ. ತಾಮ್ರ, ಹಸಿ ಮಣ್ಣು... ಶಿಕಾರಿಪುರದ ನನ್ನ ತವರಿನ ಪಕ್ಕದ ಮನೆಯ ಹಿತ್ತಲು ಕಣ್ಣಿಗೆ ಬಂತು. ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತ ಅತ್ತಿಗೆ ಕಂಡಳು.

ಅತ್ತಿಗೆ ಎಂದರೆ ನನ್ನ ಒಡಹುಟ್ಟಿದವನ ಹೆಂಡತಿಯೇನಲ್ಲ. ಪಕ್ಕದ ಮನೆಯ ಮಗನನ್ನು ನಾವು ಅಣ್ಣ ಅನ್ನುತ್ತಿದ್ದೆವು, ಅವನ ಕೈಹಿಡಿದು ಬಂದವಳು ಅತ್ತಿಗೆಯಾದಳು. ಅದು ಐವತ್ತರ ದಶಕದ ಕೊನೆ. ನನಗೂ ಗಂಡು ನೋಡುತ್ತಿದ್ದಾರೆಂದು ಗೊತ್ತಿದ್ದೂ, ಗೊತ್ತಿಲ್ಲದವಳ ಹಾಗೆ ದಾವಣಿ ಹೊದ್ದು ಓಡಾಡುತ್ತಿದ್ದ ವಯಸ್ಸು ನನ್ನದು. ಎರಡು ಮನೆಗಳ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆಯಿತ್ತು. ಅದರ ಮೇಲೆ ಮೊಣಕೈ ಊರಿ ನಿಂತರೆ ಆ ಮನೆಯ ಬಾವಿ, ಕಲ್ಲುಚಪ್ಪಡಿ ಹಾಸಿದ ಅಂಗಳ, ನಡುವಿನ ತುಳಸಿಕಟ್ಟೆ ಎಲ್ಲವೂ ಕಾಣುತ್ತಿದ್ದವು. ಅತ್ತಿಗೆ ನನ್ನ ಜೊತೆ ನಾಲ್ಕು ಮಾತಾಡುತ್ತಿದ್ದುದು ಆ ಗೋಡೆಯ ಹತ್ತಿರವೇ.

ನಮ್ಮ ಬೀದಿಗೆ ಮೊದಲ ರೇಡಿಯೋ ಬಂದದ್ದು ಅವಳ ಹಿಂದೆ. ಸೊರಬದ ಕಡೆಯ ಜಡೆ ಎಂಬ ಊರಿನಲ್ಲಿದ್ದ ಅವಳ ತಂದೆ ಅಳಿಯನ ಮರ್ಯಾದೆಗೆಂದು ಕೊಟ್ಟಿದ್ದರು. ಮರದ ಪೆಟ್ಟಿಗೆ, ಇಟ್ಟಿಗೆಯಂಥ ಬ್ಯಾಟರಿ, ಎರಡು ತಂತಿ. ಒಂದು ತಂತಿ ಮೇಲಕ್ಕೆ ಹೋಗಿ, ಹಂಚಿನ ಮಾಡಿನ ಮೇಲೆ ಎರಡು ಬಿದಿರಿನ ಗಳಗಳ ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ನಿಂತಿತ್ತು. ಇನ್ನೊಂದು ನೆಲಕ್ಕೆ. ಅದರ ತುದಿಗೆ ತಾಮ್ರದ ತಗಡು ಸೇರಿಸಿ ಮಣ್ಣಿನಲ್ಲಿ ಹೂಳಬೇಕು, ಇಲ್ಲದಿದ್ದರೆ ಸ್ವರ ನಿಲ್ಲುವುದಿಲ್ಲ ಎಂದರು. ಆ ಅಂಗಳದಲ್ಲಿ ಎಲ್ಲ ಕಡೆ ಚಪ್ಪಡಿ, ಮಣ್ಣೆಂದು ಇದ್ದದ್ದು ತುಳಸಿಕಟ್ಟೆಯೊಳಗೆ ಮಾತ್ರ. ಅಲ್ಲೇ ಆಳಕ್ಕೆ ಅಗೆದು ತಗಡು ಹೂತರು. ಅವಳ ಅತ್ತೆ ಮೊದಲು ಮುಖ ಸಿಂಡರಿಸಿದರೂ, ಆಮೇಲೆ ನಮ್ಮ ರೇಡಿಯೋಗೆ ತುಳಸಮ್ಮನ ಕಾವಲಿದೆ ಎಂದು ತಾವೇ ಬೀದಿಯೆಲ್ಲ ಹೇಳಿಕೊಂಡು ಬಂದರು.

ಸಂಜೆಯಾದರೆ ಬೀದಿಯ ಗಂಡಸರೆಲ್ಲ ಆ ಮನೆಯ ಜಗಲಿಯಲ್ಲಿ. ಯಜಮಾನರು, ಅಂದರೆ ಅವಳ ಮಾವ, ಭತ್ತದ ವ್ಯಾಪಾರಿ. ಗುಂಡಿ ತಿರುಗಿಸುವ ಹಕ್ಕು ಅವರೊಬ್ಬರದು. ಧಾರವಾಡದ ನಿಲಯ ಹಿಡಿದುಕೊಂಡಿತೆಂದರೆ ಸ್ವತಃ ತಾವೇ ಹಾಡುತ್ತಿದ್ದೇವೆ ಎಂಬಂತೆ ಸುತ್ತ ನೋಡುತ್ತಿದ್ದರು. ಮಾವನ ಎದುರಿಗೆ ಸೊಸೆ ಕೂರುವಂತಿಲ್ಲವಲ್ಲ, ತವರಿನ ರೇಡಿಯೋ ಆದರೇನು... ಅವಳಿಗೆ ಒಲೆಯ ಮುಂದೆ ಕೇಳಿಸಿದಷ್ಟೇ ಅವಳ ಪಾಲು. ಮರುದಿನ ಬೆಳಿಗ್ಗೆ ಗೋಡೆಯ ಹತ್ತಿರ ನಿಂತು, ನಿನ್ನೆಯ ಹಾಡಿನ ಕೊನೆಯ ಸಾಲು ಏನಿತ್ತು ಎಂದು ನನ್ನನ್ನು ಕೇಳುತ್ತಿದ್ದಳು. ಸಾಸಿವೆ ಸಿಡಿಯುವಾಗ ತಪ್ಪಿಹೋಯಿತಂತೆ. ನನಗೆ ಬಂದಷ್ಟು ಹಾಡಿ ತೋರಿಸುತ್ತಿದ್ದೆ. ಅವಳು ಅದನ್ನು ನನಗಿಂತ ಚೆನ್ನಾಗಿ ಹೇಳಿಕೊಂಡು ಒಳಗೆ ಹೋಗುತ್ತಿದ್ದಳು.

ಅವಳಿಗೆ ಮಕ್ಕಳಾಗಿರಲಿಲ್ಲ. ಅದಕ್ಕೆಂದು ಯಾರೋ ಹಿರಿಯ ಹೆಂಗಸು ಹೇಳಿದ ಹರಕೆ ಹಿಡಿದಿದ್ದಳು. ದಿನಾ ಬೆಳಿಗ್ಗೆ ಬಾವಿಯಿಂದ ಸೇದಿದ ಮೊದಲ ಕೊಡವನ್ನು ಮನೆಗೆ ಬಳಸದೆ, ಪೂರ್ತಿ ತುಳಸಿಯ ಬುಡಕ್ಕೆ ಹಾಕಬೇಕು. ಉಟ್ಟ ಸೀರೆ ಒದ್ದೆಯಿರಬೇಕು, ಬಾಯಲ್ಲಿ ಮಾತಿರಬಾರದು. ಮುಟ್ಟಾದ ದಿನಗಳಲ್ಲಿ ಮಾತ್ರ ನಿಲ್ಲುತ್ತಿತ್ತು, ಮತ್ತೆ ಸ್ನಾನವಾದ ದಿನ ಶುರು. ಚಳಿಗಾಲದಲ್ಲಿ ನೋಡುವವರಿಗೇ ನಡುಕ ಬರುತ್ತಿತ್ತು. ಕೊಡ ಬಗ್ಗಿಸಿ, ಖಾಲಿಯಾಗುವ ತನಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಏನು ಬೇಡುತ್ತಿದ್ದಳೆಂದು ಇಡೀ ಬೀದಿಗೆ ಗೊತ್ತಿತ್ತು. ಅದನ್ನೇ ಆಡಿಕೊಂಡು ನಗುವ ಹೆಂಗಸರೂ ಬೇಕಾದಷ್ಟಿದ್ದರು, ಅವರ ಹೆಸರು ಹೇಳುವುದಿಲ್ಲ, ಎಲ್ಲ ಮುತ್ತೈದೆಯರಾಗಿ ಚೆನ್ನಾಗಿಯೇ ಹೋದರು.

ಯುಗಾದಿ ಮುಗಿದ ಮೇಲೆ ಅವಳನ್ನು ತವರಿಗೆ ಕಳಿಸಿದರು. ಬೇಸಿಗೆಗೆ ನಾಲ್ಕು ದಿನ ಇದ್ದು ಬಾ ಎಂದರಂತೆ. ನಾಲ್ಕು ದಿನಕ್ಕೆ ಹೋಗುವವಳ ಜೊತೆ ಅವಳ ಟ್ರಂಕೂ ಹೋಯಿತು. ಟ್ರಂಕು ಹೋಗುವಾಗಲೇ ನಮ್ಮಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಮ್ಮ ಕಡೆ ತವರಿಗೆ ಹೋದ ಸೊಸೆ ತಾನಾಗಿ ಗಂಡನ ಮನೆಗೆ ಬರುವಂತಿಲ್ಲ, ತವರಿನವರು ತಂದು ಬಿಡುವಂತೆಯೂ ಇಲ್ಲ. ಗಂಡನ ಮನೆಯಿಂದ ಯಾರಾದರೂ ಹೋಗಿ, ಒಂದು ಹೊತ್ತು ಉಂಡು, ಕರೆದುಕೊಂಡು ಬರಬೇಕು. ಕರೆಯಲು ಹೋಗಲಿಲ್ಲವೆಂದರೆ ಬಿಟ್ಟಂತೆಯೇ, ಅದಕ್ಕಿಂತ ದೊಡ್ಡ ಮಾತು ಆಡಬೇಕಾಗಿಲ್ಲ. ಅವಳು ಗಾಡಿ ಹತ್ತುವ ಮೊದಲು ಗೋಡೆಯ ಹತ್ತಿರ ಬಂದು, ಹಾಡು ಮರೀಬೇಡ, ಬಂದ ಮೇಲೆ ಕೇಳ್ತೀನಿ ಎಂದಳು. ರೇಡಿಯೋ ಇಲ್ಲೇ ಉಳಿಯಿತು. ಅದನ್ನು ಯಾರೂ ಗಾಡಿಗೆ ಹೇರಲಿಲ್ಲ.

ಆ ಬೇಸಿಗೆಯಲ್ಲೇ ರೇಡಿಯೋ ಕೆಟ್ಟಿತು. ಮೊದಲು ಸ್ವರ ಸಣ್ಣಗಾಯಿತು, ಆಮೇಲೆ ಎಣ್ಣೆಯಲ್ಲಿ ನೀರು ಬಿದ್ದಂತೆ ಚರಚರ. ಅಣ್ಣ ಪೆಟ್ಟಿಗೆಯ ತಲೆಗೆ ಎರಡು ಬಡಿದ. ಯಜಮಾನರು ಹೊಸ ಬ್ಯಾಟರಿ ತರಿಸಿದರು, ಚರಚರ ಇನ್ನೂ ಗಟ್ಟಿಯಾಗಿ ಕೇಳಿಸಿತು. ಮಾಡು ಹತ್ತಿ ಮೇಲಿನ ತಂತಿ ಬಿಗಿದರು, ಇಳಿಯುವಾಗ ಹಂಚು ಒಡೆದರು. ಗಳಗಳನ್ನು ಧಾರವಾಡದ ದಿಕ್ಕಿಗೆ ತಿರುಗಿಸಬೇಕೆಂದು ಒಬ್ಬ, ಬೇಡವೆಂದು ಇನ್ನೊಬ್ಬ. ಜಗಲಿಯ ಮೇಲೆ ಕೂತವರೆಲ್ಲ ಪಂಡಿತರೇ. ಮೇಲಿನ ತಂತಿಯನ್ನು ನೋಡಿದವರೇ ಎಲ್ಲರೂ, ಕೆಳಗೊಂದು ತಂತಿಯಿದೆ ಎಂಬುದು ಹೂತವರಿಗೂ ಮರೆತಿತ್ತು.

ಏನೂ ಆಗದಿದ್ದಾಗ ತಪ್ಪು ಯಾರದೆಂದು ಹುಡುಕಬೇಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೋಗುವಾಗ ಅವಳು ಪೆಟ್ಟಿಗೆಯ ಕಡೆ ತಿರುಗಿ ನೋಡಿದ್ದಳು, ಏನೋ ಅಂದುಕೊಂಡು ಹೋಗಿದ್ದಾಳೆ, ಬಂಜೆಯ ನಿಟ್ಟುಸಿರು ಸುಮ್ಮನೆ ಬಿಡುತ್ತದೆಯೇ ಎಂದು ಅವಳ ಅತ್ತೆ ಶುರು ಮಾಡಿದರು. ಮೆಣಸಿನಕಾಯಿ, ಉಪ್ಪು, ಕಸಬರಿಗೆಯ ಕಡ್ಡಿ ಹಿಡಿದು ರೇಡಿಯೋಗೆ ದೃಷ್ಟಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ನಮ್ಮ ಮನೆಯವರೆಗೂ ಕೆಮ್ಮು. ನಗು ಬರುವ ಸಂಗತಿಯೇ, ನಾನೂ ಆಗ ನಕ್ಕಿರಬೇಕು. ಈಗ ಬರುವುದಿಲ್ಲ. ಆ ಮಾತು ಬೀದಿಯಲ್ಲಿ ನಿಂತುಬಿಟ್ಟಿತು. ಕರೆಯಲು ಹೋಗದಿರಲು ಅವರಿಗೊಂದು ನೆಪ ಬೇಕಿತ್ತು, ರೇಡಿಯೋ ಒದಗಿಸಿಕೊಟ್ಟಿತು.

ಕೊನೆಗೆ ಶಿವಮೊಗ್ಗದಿಂದ ರಿಪೇರಿಯವನನ್ನು ಕರೆಸಿದರು. ಬಸ್ಸಿನ ಧೂಳು, ಬಿಸಿಲು, ಕಾಫಿಗೆ ಸಕ್ಕರೆ ಕಮ್ಮಿ ಎಂದು ಎಲ್ಲಕ್ಕೂ ಗೊಣಗುವ ಮನುಷ್ಯ. ಪೆಟ್ಟಿಗೆ ಬಿಚ್ಚಿ ಅರ್ಧ ದಿನ ಕಳೆದ. ಅಲ್ಲಿ ಏನೂ ಸಿಗದಿದ್ದಾಗ ಬೇಸತ್ತು ಕೆಳಗಿನ ತಂತಿಯನ್ನು ಹಿಡಿದುಕೊಂಡು ಹಿತ್ತಲಿಗೆ ಬಂದ. ಹಿಂದೆ ಯಜಮಾನರು, ಅಣ್ಣ, ಅತ್ತೆ. ಗೋಡೆಯ ಈಚೆ ನಾನು ಮತ್ತು ನಮ್ಮಜ್ಜಿ. ಅವಳ ಅತ್ತೆ ದಿನಾ ಪೂಜೆಯ ಹೊತ್ತಿಗೆ ಒಂದು ತಂಬಿಗೆ ನೀರು ತೋರಿಸುತ್ತಿದ್ದರು, ಗಿಡ ಹೇಗೋ ಜೀವ ಹಿಡಿದುಕೊಂಡಿತ್ತು. ಅವನು ಬುಡ ಕೆದಕಿದ. ಮೇಲೆ ನಾಲ್ಕು ಬೆರಳು ಹಸಿ, ಅದರ ಕೆಳಗೆಲ್ಲ ಬೂದಿಯಂಥ ಒಣಮಣ್ಣು. ತಗಡು ಎತ್ತಿ ಉಜ್ಜಿ, ಮತ್ತೆ ಇಟ್ಟು, ಬಾವಿಯಿಂದ ಒಂದು ಕೊಡ ತರಿಸಿ ಹೊಯ್ದ. ಒಣನೆಲ ನೀರು ಕುಡಿಯುವ ಸದ್ದು ನಮಗೂ ಕೇಳಿಸಿತು. ಆಗ ಎದ್ದ ವಾಸನೆಯೇ ಅದು, ತಾಮ್ರ ಮತ್ತು ಹಸಿ ಮಣ್ಣು. ಒಳಗೆ ರೇಡಿಯೋ ಗಂಟಲು ಸರಿಮಾಡಿಕೊಂಡು ಮಾತಾಡತೊಡಗಿತು.

ಅವನು ಕೈ ತೊಳೆದುಕೊಳ್ಳುತ್ತಾ, "ಮಣ್ಣು ಹಸಿ ಇಲ್ದಿದ್ರೆ ಸ್ವರ ನಿಲ್ಲಲ್ಲ. ಇಲ್ಲಿ ದಿನಾ ನೀರು ಹಾಕ್ತಿದ್ದೋರು ಯಾರ್ರೀ? ಯಾಕೆ ಬಿಟ್ರು?" ಎಂದ.

ಅಣ್ಣ ಬಾವಿಯ ಗಾಲಿಯನ್ನು ನೋಡುತ್ತಿದ್ದ, ಅದನ್ನು ಈಗಷ್ಟೇ ಕಂಡವನಂತೆ. ಗೋಡೆಯ ಈಚೆಯಿಂದ ನಮ್ಮಜ್ಜಿಯೇ ಹೇಳಿದಳು: "ಹಾಕ್ತಿದ್ದಾಕಿನ ಜಡೆಗೆ ಕಳಿಸ್ಯಾರಪ್ಪ. ಹೋಗಿ ಕರ್ಕೊಂಡು ಬಂದ್ರೆ ಆತು."

ಇನ್ನು ಕರೆಯದೆ ವಿಧಿಯಿಲ್ಲ ಎಂದುಕೊಂಡೆ. ಶಾಪವಲ್ಲ, ನಿಟ್ಟುಸಿರಲ್ಲ, ಅವಳು ಹಾಕುತ್ತಿದ್ದ ನೀರಿನಿಂದಲೇ ಇವರ ರೇಡಿಯೋ ಇಷ್ಟು ದಿನ ಮಾತಾಡಿತ್ತು ಎಂದು ಎಲ್ಲರೆದುರಿಗೂ ಸಾಬೀತಾಯಿತಲ್ಲ. ನಾಳೆಯೇ ಅಣ್ಣ ಬಸ್ಸು ಹತ್ತುತ್ತಾನೆ, ನಾಡಿದ್ದು ಅವಳು ಬಂದು ಹಾಡು ಕೇಳುತ್ತಾಳೆ...

ಯಜಮಾನರು ತುಳಸಿಕಟ್ಟೆಯನ್ನು ಒಂದು ಸಲ ಸುತ್ತಿ ನೋಡಿದರು. "ಒಂದು ಗಡಿಗೆ ತೂತು ಮಾಡಿ ಕಟ್ಟಸ್ತೀನಿ ಬಿಡ್ರಿ," ಎಂದರು. "ಈಗ ಎಲ್ಲ ಸರಿಯಾತಲ್ಲ."

ಹಾಗೇ ಮಾಡಿದರು. ಬಿಸಿಲುಗಾಲದಲ್ಲಿ ದೇವರ ಮೇಲೆ ಹನಿ ಬೀಳಲೆಂದು ಕಟ್ಟುತ್ತಾರಲ್ಲ, ಅಂಥದೇ ಮಣ್ಣಿನ ಗಡಿಗೆ. ತಳದಲ್ಲಿ ತೂತು, ತೂತಿಗೆ ಬತ್ತಿ, ಮೂರು ಕೋಲಿನ ಮೇಲೆ ತೂಗುಹಾಕಿದರು. ಹಗಲಿಡೀ ಹನಿ ಹನಿ. ಕೆಲಸದವಳು ತುಂಬಿಸುತ್ತಿದ್ದಳು. ಅತ್ತಿಗೆಯ ಜಾಗಕ್ಕೆ ಒಂದು ತೂತುಗಡಿಗೆ ಬಂತು. ಚಳಿಯಲ್ಲಿ ಒದ್ದೆ ಸೀರೆಯುಟ್ಟು ಅವಳು ಹೊತ್ತದ್ದನ್ನೆಲ್ಲ ಅದು ಕೂತಲ್ಲೇ ಮಾಡಿತು, ಅದಕ್ಕೇಕೆ ಮಕ್ಕಳಾಗಲಿಲ್ಲವೆಂದು ಯಾರೂ ಕೇಳಲಿಲ್ಲ. ಅಣ್ಣನಿಗೆ ಹೊಸ ಹೆಂಡತಿ ಬರುವಾಗ ಬೀದಿಯವರೆಲ್ಲ ಅಕ್ಷತೆ ಹಾಕಿ ಉಂಡು ಬಂದರು. ನಮ್ಮಜ್ಜಿ ಹೋಗಲಿಲ್ಲ, ಅದೊಂದೇ. ಹೆಣ್ಣಿನ ಕಣ್ಣೀರು ಆ ಮನೆಯನ್ನು ಬಿಡುವುದಿಲ್ಲ, ದೇವರು ನೋಡಿಕೊಳ್ಳುತ್ತಾನೆ ಎನ್ನುತ್ತಿದ್ದಳು. ದೇವರು ಆ ಮನೆಯನ್ನು ಚೆನ್ನಾಗಿಯೇ ನೋಡಿಕೊಂಡ. ಮಕ್ಕಳಾದವು, ವ್ಯಾಪಾರ ಬೆಳೆಯಿತು, ರೇಡಿಯೋ ವರ್ಷಗಟ್ಟಲೆ ಹಾಡಿತು.

ನನ್ನನ್ನು ಸೊರಬಕ್ಕೆ ಕೊಟ್ಟರು. ಮದುವೆಯಾಗಿ ಎಷ್ಟೋ ಕಾಲದ ಮೇಲೆ ಒಂದು ಸಲ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಕಣ್ಣು ತೋರಿಸಲು ಬಂದವಳು ಜಡೆಯ ಬಸ್ಸಿಗೆ ಕಾಯುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದದ್ದು ಅವಳೇ. ಎದುರಿನ ಹೋಟೆಲಿನಲ್ಲಿ ರೇಡಿಯೋ ಹಾಡುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ಕೇಳಿ, "ಆ ರೇಡಿಯೋ ಇನ್ನೂ ಮಾತಾಡ್ತದನೇ?" ಎಂದಳು.

ನಾನು ಎಲ್ಲವನ್ನೂ ಹೇಳಿದೆ. ಒಣಗಿದ ಮಣ್ಣು, ರಿಪೇರಿಯವನು ಕೇಳಿದ್ದು, ಅಜ್ಜಿ ಅಂದದ್ದು, ಗಡಿಗೆ. ಹೇಳಬಾರದಿತ್ತೇನೋ ಎಂದು ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಶಾಪ ಹಾಕಿದವಳೆಂಬ ಮಾತು ಅವಳ ಕಿವಿಗೂ ಬಿದ್ದಿತ್ತು, ಅದು ಸುಳ್ಳೆಂದು ಯಾರಾದರೂ ಹೇಳಬೇಕಿತ್ತು. ಅವಳು ಚೀಲದ ಹಿಡಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೇಳಿಸಿಕೊಂಡಳು.

"ಜಡೆಗೆ ಹೋದಮೇಲೂ ನಾ ಬಿಟ್ಟಿರಲಿಲ್ಲ ಕಣೇ," ಎಂದಳು. "ಅಪ್ಪನ ಮನೆ ತುಳಸಿಗೆ ದಿನಾ ಒಂದು ಕೊಡ ಹಾಕ್ತಿದ್ದೆ. ಹರಕೆ ತಪ್ಪಿದ್ರೆ ಕರ್ಯಕ್ಕೆ ಬರೋರು ಬರದೇ ಹೋಗ್ತಾರೇನೋ ಅಂತ ಹೆದ್ರಿಕೆ." ಬಸ್ಸು ಬರುವ ದಿಕ್ಕಿಗೆ ನೋಡುತ್ತಾ, "ಅವರ ಮದುವೆ ಸುದ್ದಿ ಬಂದಾಗ ಕೊಡ ಸೊಂಟದ ಮೇಲಿತ್ತು. ಅಲ್ಲೇ ಕೆಳಗಿಟ್ಟೆ," ಎಂದಳು.

ಬಸ್ಸು ಬಂತು. ಅವಳಿಗೆ ಹತ್ತಲು ಕೈ ಕೊಟ್ಟೆ. ಕಿಟಕಿಯ ಪಕ್ಕ ಕೂತು, ಹೋಟೆಲಿನ ಕಡೆ ತಿರುಗಿ ನೋಡಿದಳು. ಹಾಡಿನ ಕೊನೆಯ ಸಾಲು ಬರುವ ಮೊದಲೇ ಬಸ್ಸು ಹೊರಟಿತು... ಅದೇ ಕೊನೆ. ಅವಳು ತೀರಿಕೊಂಡ ಸುದ್ದಿ ಜಡೆಯ ಕಡೆಯವರೊಬ್ಬರಿಂದ ತಿಥಿ ಕಳೆದ ಮೇಲೆ ಗೊತ್ತಾಯಿತು. ಶಿಕಾರಿಪುರದಿಂದ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಅವರಿಗೆ ನಾನು ಯಾರ ವಿಷಯ ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ.

ಕೇಬಲಿನವನು ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ ಬಿಸಾಡಿ, ಹೊಸ ತುದಿ ಸೇರಿಸಿ ಟೇಪು ಸುತ್ತಿದ. ಒಳಗೆ ಟೀವಿ ಇದ್ದಕ್ಕಿದ್ದಂತೆ ದೊಡ್ಡ ಸ್ವರದಲ್ಲಿ ಮಾತಾಡಿತು. ಸೊಸೆ ಓಡಿಬಂದು ಸೌಂಡ್ ಕಡಿಮೆ ಮಾಡಿ, ಎಲ್ಲರಿಗಿಂತ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಕೂರಲಿ. ಕೇಬಲಿನವನು ಕೈ ಒರೆಸಿಕೊಳ್ಳುತ್ತಾ, "ಈಗ ಎಲ್ಲ ಸರಿಯಾಯ್ತಲ್ಲ ಅಮ್ಮಾ?" ಎಂದು ಕೇಳಿದ.

ಸರಿಯಾಯಿತಪ್ಪ ಎಂದೆ. ಟೀವಿಯಲ್ಲಿ ಮಾತು ಬರುತ್ತಿತ್ತು, ಅವನಿಗೆ ಬೇಕಾದದ್ದು ಅಷ್ಟೇ. ಆವತ್ತು ಆ ಹಿತ್ತಲಿನಲ್ಲಿ ನಿಂತವರಿಗೂ ಅಷ್ಟೇ ಬೇಕಿತ್ತು. ಶಿಕಾರಿಪುರದಿಂದ ಜಡೆಗೆ ಆಗಲೂ ಬಸ್ಸಿತ್ತು. ಯಾರೂ ಹತ್ತಲಿಲ್ಲ.