ಅಪ್ಪನ ಮೇಲ್‌ಗಳು ಮತ್ತು ಒಂದು ಚಮಚ ತೀರ್ಥ

ಅದು 2004ನೇ ಇಸವಿಯ ಆಯುಧಪೂಜೆ. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರ. ತಕ್ಕಡಿ, ಲಾರಿ, ಸೈಕಲ್ಲು ಎಲ್ಲಕ್ಕೂ ಸ್ನಾನವಾಗಿ ವಿಭೂತಿ ಬಿದ್ದ ಮೇಲೆ ನಮ್ಮತ್ತೆ ಮನೆಯ ಕಂಪ್ಯೂಟರಿನ ಹತ್ತಿರ ಬಂದರು. ನಾನು ಒಳಗೆ ಒಬ್ಬಟ್ಟು ತಟ್ಟುತ್ತಿದ್ದೆ. ಪೂಜೆ ಮುಗಿದು ನಮ್ಮ ಯಜಮಾನರು ಸ್ವಿಚ್ ಒತ್ತಿದ್ದೇ ತಡ, ಟಪ್ಪೆಂದಿತು. ಸುಟ್ಟ ವಾಸನೆ ಅಡುಗೆಮನೆಯವರೆಗೂ ಬಂತು.

"ಏನ್ ಮಾಡಿದ್ರಿ ಅತ್ತೆ?" ಎಂದು ಓಡಿ ಬಂದೆ.

"ಒಳಗೂ ಶುದ್ಧ ಆಗ್ಲಿ ಅಂತ ಆ ತೂತಿನಾಗೆ ಒಂಚೂರು ತೀರ್ಥ ಬಿಟ್ಟೆ ಕಣವ್ವ. ಒಂದೇ ಚಮಚ!"

ವ್ಯಾಪಾರದ ಲೆಕ್ಕ ಹಾಳಾಗಿ ಹೋಗಲಿ, ಅದರೊಳಗೆ ನಮ್ಮಪ್ಪನ ಮೇಲ್‌ಗಳಿದ್ದವು. ಅಪ್ಪ ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದರು. ದಿನವಿಡೀ ಮಾತಾಡಿ ಬದುಕಿದ ಮನುಷ್ಯನಿಗೆ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಯಿತು. ಇನ್ನು ಫೋನೆಲ್ಲಿ? ಬಸ್ಸು ಹತ್ತಿ ಬೇಲೂರಿನ ಸೈಬರ್ ಸೆಂಟರಿಗೆ ಹೋಗಿ, ಒಂದೇ ಬೆರಳಿನಲ್ಲಿ ಕುಟ್ಟಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ನನಗೆ ಕಳಿಸುತ್ತಿದ್ದರು. ಕೆರೆ ಕೋಡಿ ಬಿದ್ದದ್ದು, ಯಾರೋ ಪ್ರವಾಸಿ ನಂದಿಯನ್ನು ನೋಡಿ ಎಮ್ಮೆ ಅಂದದ್ದು, ಅಮ್ಮ ಸಾರಿಗೆ ಉಪ್ಪು ಮರೆತದ್ದು, ಎಲ್ಲ. ಹಿಂದಿನ ವರ್ಷವಷ್ಟೇ ಅವರು ತೀರಿಕೊಂಡಿದ್ದರು. ಆಗ ಇಂಟರ್‌ನೆಟ್ ಬರುತ್ತಿದ್ದದ್ದು ಫೋನ್ ಲೈನಿನಲ್ಲೇ; ಬಿಲ್ ಏರುತ್ತದೆಂದು ನಾವು ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಓದುತ್ತಿದ್ದೆವು. ಇಳಿಸಿಕೊಂಡ ಮೇಲೆ ಇಂಟರ್‌ನೆಟ್‌ನಲ್ಲಿ ಅವು ಉಳಿಯುತ್ತಿರಲಿಲ್ಲ.

ಹಬ್ಬದ ದಿನ ಎಂದೂ ನೋಡದೆ ಅತ್ತೆಯ ಮೇಲೆ ರೇಗಾಡಿಬಿಟ್ಟೆ. ಅವರು ಹೋಗಿ ಮೂಲೆಯಲ್ಲಿ ಕೂತರು. ಒಬ್ಬಟ್ಟು ಅಂದರೆ ಪ್ರಾಣ ಬಿಡುವವರು, ಅವತ್ತು ಮುಟ್ಟಲಿಲ್ಲ.

ಹಬ್ಬ ಕಳೆದು, ಕಂಪ್ಯೂಟರನ್ನು ಆಟೋಗೆ ಹೇರಿಕೊಂಡು ರಿಪೇರಿ ಅಂಗಡಿಗೆ ಹೊರಟಾಗ ಅತ್ತೆಯೂ ಹತ್ತಿ ಕೂತರು. ಅಂಗಡಿಯ ಮೇಡಂ ಡಬ್ಬ ಬಿಚ್ಚಿದವರೇ ನಕ್ಕುಬಿಟ್ಟರು. ಹಚ್ಚಿದ್ದ ಕುಂಕುಮವೂ ತೀರ್ಥದ ಜೊತೆ ಒಳಗಿಳಿದಿತ್ತು!

"ಬೋರ್ಡು ಸುಟ್ಟಿದೆ ಕಣ್ರೀ. ಆದ್ರೆ ಮೇಲ್ ಇರೋದು ಈ ಹಾರ್ಡ್ ಡಿಸ್ಕಲ್ಲಿ. ಇದಕ್ಕೆ ನೀರು ತಾಗಿಲ್ಲ. ನನ್ನ ಕಂಪ್ಯೂಟರಿಗೆ ಸಿಗಿಸಿ ನೋಡೋಣ" ಎಂದರು.

ಅತ್ತೆ ಕಣ್ಣು ಮುಚ್ಚಿ "ಶಿವ ಶಿವ" ಅನ್ನತೊಡಗಿದರು. ಎಷ್ಟೋ ಹೊತ್ತಿನ ಮೇಲೆ ಪರದೆಯಲ್ಲಿ ಅಪ್ಪನ ಹೆಸರು ಸಾಲುಸಾಲಾಗಿ ಮೂಡಿತು. ಅಬ್ಬಾ, ಹೋದ ಜೀವ ಬಂತು! ಮೇಡಂ ಒಂದನ್ನು ತೆರೆದರು.

"ಏನವ್ವಾ ಬರ್ದವ್ರೆ?" ಅತ್ತೆ ಕೇಳಿದರು. ಓದಿದೆ: "ಮಗಳೇ, ಊಟ ಆಯ್ತಾ? ನಿಮ್ಮತ್ತೆಗೆ ಸೊಂಟನೋವು ಹೇಗಿದೆ? ನಾನು ಕೇಳಿದೆ ಅಂತ ಹೇಳು."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪರದೆಯ ಕಡೆಗೇ ಬಗ್ಗಿ, "ಈಗ ವಾಸಿ ಐತೆ ಬೀಗ್ರೆ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಮೇಡಂ ಬೋರ್ಡು ಬದಲಿಸಿ, ಎಲ್ಲ ಮೇಲ್‌ಗಳನ್ನೂ ಎರಡು ಸಿ.ಡಿ.ಗೆ ಹಾಕಿಕೊಟ್ಟರು. ಒಂದನ್ನು ಹಳೇಬೀಡಿನಲ್ಲಿ ಅಮ್ಮನ ಬೀರುವಿನಲ್ಲಿಟ್ಟೆ. ಇನ್ನೊಂದು ನಮ್ಮ ದೇವರಮನೆಯಲ್ಲಿದೆ. ಪ್ರತಿ ಆಯುಧಪೂಜೆಗೂ ಅತ್ತೆ ಅದರ ಡಬ್ಬಿಗೆ ವಿಭೂತಿ ಹಚ್ಚಿ, "ಒಣಾ ವಿಭೂತಿ ಕಣವ್ವ, ತೀರ್ಥ ಇಲ್ಲ" ಎಂದು ನನಗೆ ಕೇಳುವಂತೆ ಸಾರುತ್ತಾರೆ. ಆಮೇಲೆ "ಬೀಗ್ರುದು ಒಂದು ಓದವ್ವ" ಎಂದು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಓದುವುದು ನಾನೇ. ಕೇಳಿಸುವುದು ಮಾತ್ರ ಆಪರೇಷನ್ನಿಗೆ ಮುಂಚಿನ ಅಪ್ಪನ ದನಿ.