ಬೀಗರ ಮುಂದೆ ಬಂದ ಗಂಟು

ನಾನು ಬಿಡದಿಗೆ ಸೊಸೆಯಾಗಿ ಬಂದ ಕಾಲಕ್ಕೆ ಸುತ್ತಮುತ್ತ ಕಾರ್ಖಾನೆಗಳು ಏಳುತ್ತಿದ್ದವು, ಊರೆಲ್ಲ ದೂಳು. ಹಗಲಿಡೀ ಮಣ್ಣಿನ ಲಾರಿಗಳ ಓಡಾಟ. ನಮ್ಮತ್ತೆ ಒರೆಸಿದ್ದನ್ನೇ ಒರೆಸುತ್ತಿದ್ದರು. ಅಂಥದ್ದರಲ್ಲಿ ನಾನು ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದದ್ದು ನಕ್ಷತ್ರಗಳ ಸುತ್ತಲಿನ ದೂಳಿನ ಸಂಶೋಧನೆಗೆ.

"ದೂಳ್ ನೋಡಕ್ಕೆ ಅಷ್ಟು ದೂರ ಯಾಕೋಗ್ಬೇಕವ್ವ? ಜಗಲಿ ಮೇಲ್ ಕುಂತ್ಕೊ, ಬೇಕಾದಷ್ಟೈತೆ" ಎನ್ನುತ್ತಿದ್ದರು ಅತ್ತೆ.

ಎಳೆಯ ನಕ್ಷತ್ರದ ಸುತ್ತ ದೂಳು ನಮ್ಮೂರ ತಟ್ಟೆ ಇಡ್ಲಿಯ ಹಾಗೆ ಚಪ್ಪಟೆಯಾಗಿ ಹರಡಿಕೊಂಡು ಸುತ್ತುತ್ತಿರುತ್ತದೆ. ಅದರೊಳಗೆ ಕಣಕ್ಕೆ ಕಣ ಅಂಟಿ ಗಂಟು ಕಟ್ಟಿದರೆ ಮುಂದೆ ಅದೇ ಗ್ರಹ. ನಮ್ಮ ಭೂಮಿ ಹುಟ್ಟಿದ್ದೂ ಹೀಗೇ. ನಾನು ನೋಡುತ್ತಿದ್ದ ಒಂದು ನಕ್ಷತ್ರದ ದೂಳಿನಲ್ಲಿ ಮಸುಕಾದ ಚುಕ್ಕೆಯೊಂದು ಕಂಡಿತ್ತು. ಇದು ಗಂಟೇ ಎಂದು ಕುಣಿದಾಡಿದೆ. ನನ್ನ ಗೈಡು ಮಾತ್ರ ಜಗ್ಗಲಿಲ್ಲ. ಅದು ಹಿಂದೆಲ್ಲೋ ದೂರದಲ್ಲಿರುವ ಬೇರೆ ನಕ್ಷತ್ರವೂ ಆಗಿರಬಹುದಲ್ಲ! ಮತ್ತೊಮ್ಮೆ ಚಿತ್ರ ತೆಗೆದಾಗ ಚುಕ್ಕೆ ತನ್ನ ನಕ್ಷತ್ರದ ಜೊತೆಗೇ ಸರಿದಿದ್ದರೆ ಸರಿ, ಇಲ್ಲವಾದರೆ ನನ್ನ ಪಿಎಚ್.ಡಿ. ನೀರಿನಲ್ಲಿ ಹೋಮ ಮಾಡಿದ ಹಾಗೆ.

ಆ ಎರಡನೆಯ ಚಿತ್ರ ಬರಬೇಕಾದ ದಿನವೇ ಮನೆಗೆ ಕುದೂರಿನ ಬೀಗರು ಬಂದರು. ನನ್ನ ನಾದಿನಿಯನ್ನು ಕೊಟ್ಟ ಮನೆಯವರು. ಊಟಕ್ಕೆ ಬಂದದ್ದು ಅದೇ ಮೊದಲು. ಅತ್ತೆ ಬೆಳಗಿನಿಂದ ಒಲೆ ಬಿಟ್ಟು ಕದಲಿರಲಿಲ್ಲ. ಬಾಡಿನ ಸಾರು, ಬಿಸಿ ಮುದ್ದೆ. ಬಡಿಸುತ್ತಿದ್ದ ನನ್ನ ಜೀವವೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೊಬೈಲಿನಲ್ಲಿತ್ತು. ಬೀಗರು ಮೊದಲ ತುತ್ತು ಮುರಿಯುವ ಹೊತ್ತಿಗೆ ಅದು ಹೊಡೆದುಕೊಂಡಿತು.

"ಜೊತೆಗೇ ಸರಿದಿದೆ ಕಣಮ್ಮ" ಎಂದರು ಗೈಡು.

"ಗಂಟೈತೆ! ನಾನ್ ಯೋಳ್ನಿಲ್ವಾ, ಗಂಟೇ ಅಂತ!" ಎಂದು ಕಿರುಚಿಬಿಟ್ಟೆ.

ಬೀಗರ ಕೈ ತಟ್ಟೆಯಲ್ಲೇ ನಿಂತಿತು. ಮೆಲ್ಲಗೆ ಮುದ್ದೆಯನ್ನು ಹಿಸುಕಿ ನೋಡತೊಡಗಿದರು. ಅತ್ತೆಯ ಮುಖ ಕಪ್ಪಿಟ್ಟಿತು. ಮುದ್ದೆಯಲ್ಲಿ ಗಂಟಿದೆ ಎಂದು ಬೀಗರೆದುರು ಸ್ವಂತ ಸೊಸೆಯೇ ಕೂಗಿದರೆ ನಮ್ಮ ಕಡೆ ಮನೆಯ ಮರ್ಯಾದೆ ಮೂರು ಕಾಸಿಗೆ ಹರಾಜು.

"ಎಲ್ಲೈತೆ ಗಂಟು? ತೋರ್ಸು" ಎಂದರು ಅತ್ತೆ.

"ಇಲ್ಲಲ್ಲ ಕಣತ್ತೆ, ಮೇಲೆ! ಆಕಾಸ್ದಲ್ಲಿ!"

ಸೌಟು ಹಿಡಿದುಕೊಂಡೇ ದೂಳು, ಚುಕ್ಕೆ, ಗ್ರಹ ಎಲ್ಲವನ್ನೂ ಗಡಗಡನೆ ಒದರಿದೆ. ನಗುವೂ ಅಳುವೂ ಒಟ್ಟಿಗೇ ಬರುತ್ತಿತ್ತು. ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಹಂಗಾರೆ ಅಲ್ಲಿ ಯಾರೋ ಸರ್ಯಾಗಿ ತಿರುವಿಲ್ಲ ಅನ್ನು."

"ಹೂಂ ಕಣತ್ತೆ. ಸರ್ಯಾಗಿ ತಿರುವ್ಬುಟ್ಟಿದ್ರೆ ಭೂಮಿನೂ ಇರ್ತಿರ್ಲಿಲ್ಲ, ಬೀಗ್ರೂ ಇರ್ತಿರ್ಲಿಲ್ಲ."

ಬೀಗರು ಮೊದಲು ನಕ್ಕರು. ಅತ್ತೆ ನಕ್ಕಿದ್ದು, ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡ ಮೇಲೆ.