ಫೋನಿಗೂ ಬೂಟು ಹಾಕುವವನು

ಕೆಲಸ ಕಳೆದುಕೊಂಡು ವರ್ಷವಾಗುತ್ತ ಬಂದ ಈ ಮಾಜಿ ಸೂಪರ್‌ವೈಸರನಿಗೆ ಫೋನಿನಲ್ಲಿ ಇಂಟರ್‌ವ್ಯೂ ಅಂದರೂ ಇಸ್ತ್ರಿ ಅಂಗಿ, ಪಾಲಿಶ್ ಮಾಡಿದ ಬೂಟು ಬೇಕೇ ಬೇಕು. "ನಿಮ್ಮ ಮೂತಿ ಅವರಿಗೆ ಕಾಣಲ್ಲ ರೀ" ಅಂತ ಹೆಂಡತಿ ಅಂದರೆ, "ದನೀಲಿ ಬೂಟು ಗೊತ್ತಾಗುತ್ತೆ ಕಣೆ" ಅಂತ ರೇಗುತ್ತಾನೆ. ಕುಕ್ಕರ್ ಕೂಗುವ ಹಾಗಿಲ್ಲ. ಮೇಲಿನ ಮನೆಯವರು ಕುರ್ಚಿ ಎಳೆದರೆ ಪೊರಕೆ ಹಿಡಿಯಿಂದ ತಾರಸಿ ಕುಟ್ಟುತ್ತಾನೆ. ತಾಲೀಮಿಗೆ ಅಡುಗೆಮನೆಯಿಂದ ಹೆಂಡತಿಯೇ ಸಾಹೇಬಳಾಗಿ ಫೋನ್ ಮಾಡಬೇಕು. ಇವನು ಎದ್ದು ನಿಂತು "ನಮಸ್ಕಾರ ಸರ್" ಅಂತಾನೆ. ಸಿಕ್ಕಿದ್ದೇ ಸಮಯ ಅಂತ ಅವಳು ದಿನಾ, "ನಿಮಗೆ ಮೂಗಿನ ತುದೀಲೇ ಸಿಟ್ಟಂತೆ, ಬೇಡ ಹೋಗ್ರಿ" ಅಂತ ಕಟ್ ಮಾಡುತ್ತಾಳೆ. ನಾಳೆ ನಿಜವಾದ ಸಾಹೇಬನ ಫೋನು ಬರುತ್ತದೆ ಅನ್ನುವಾಗ, ಯಾಕೋ "ಆಯ್ತು, ಸೋಮವಾರದಿಂದ ಕೆಲಸಕ್ಕೆ ಬನ್ನಿ" ಅಂದುಬಿಟ್ಟಳು. ಇವನು ಫೋನು ಇಡಲೇ ಇಲ್ಲ. ಗೋಡೆ ಕಡೆ ತಿರುಗಿಕೊಂಡು, ಮೆಲ್ಲಗೆ, "ಸರಿಯಾಗಿ ಕೇಳಿಸಲಿಲ್ಲ ಸರ್, ಇನ್ನೊಂದು ಸಲ ಹೇಳಿ" ಅಂದ.